ಇನ್ನೊಂದು ಗಲ್ಲ

"ಇನ್ನೊಂದ್ ಗಲ್ಲ ತೋರ್ಸಲೇ, ಸೂಳಿಮಗನ!"

ಉರುಕುಂದಪ್ಪ ತೋರಿಸಿದ. ಬಾಗಲವಾಡದ ಗೌಡ ಮತ್ತೆ ಕೆರದಿಂದ ಬಾರಿಸಿದ. ಕೈಯಿಂದ ಹೊಡೆದರೆ ಗೌಡನಿಗೆ ಮೈಲಿಗೆ. ಕೆರಕ್ಕೆಲ್ಲಿಯ ಮೈಲಿಗೆ! ಆ ಜೋಡನ್ನು ಹೊಲಿದು, ಬೆಳಿಗ್ಗೆಯಷ್ಟೇ ಬಿಟ್ಟಿಯಾಗಿ ತಂದುಕೊಟ್ಟವನೂ ಉರುಕುಂದಪ್ಪನೇ. ಕಟ್ಟೆಯ ಮೇಲಿದ್ದ ಕಲ್ಮಲದ ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಾ ಹೇಳಿದ್ದಿಲ್ಲೇನ್ರಿ ಬೀಗರ? ಯೇಸುನ ಮಂದಿ ಇವ್ರು. ಒಂದ್ ಕೊಟ್ರ ಇನ್ನೊಂದ್ ಬೇಡ್ತಾರ."

ಅಂಗಳದ ಅಂಚಿನಲ್ಲಿ ನಿಂತಿದ್ದ ಉರುಕುಂದಪ್ಪನ ಹೆಂಡತಿ ಗೋಪಮ್ಮನಿಗೆ ಮೈಯೆಲ್ಲ ಉರಿಯಿತು. ದೊಡ್ಡ ಯುದ್ಧ ಮುಗಿದ ವರ್ಷ ಇಬ್ಬರೂ ತಲೆಗೆ ನೀರು ಹಾಕಿಸಿಕೊಂಡು ಕ್ರಿಸ್ತನ ಕಡೆ ಸೇರಿದ್ದರು. ಕುಡಿದು ಬಂದು ಬಡಿಯುತ್ತಿದ್ದ ಗಂಡ ಅಂದಿನಿಂದ ಅವಳ ಮೇಲೆ ಕೈ ಎತ್ತಿರಲಿಲ್ಲ. ಸುಳ್ಳೇಕೆ ಹೇಳಬೇಕು, ಅವನ ಆ ಸೌಮ್ಯತೆಗೆ ಅವಳು ಸೋತುಹೋಗಿದ್ದಳು. ಆದರೆ ಒಂದು ಗಲ್ಲಕ್ಕೆ ಹೊಡೆದರೆ ಇನ್ನೊಂದನ್ನೂ ತೋರಿಸಬೇಕೆಂದು ಇವರಿಗೆ ಕಲಿಸಿದ್ದಾರೆಂಬ ಸುದ್ದಿ ಗೌಡನ ಕಿವಿಗೆ ಬಿದ್ದದ್ದೇ ತಡ, ಅದೊಂದು ಆಟವಾಯಿತು. ನೆಂಟರು ಬಂದಾಗಲೆಲ್ಲ ಕೋತಿ ಕುಣಿಸಲು ಕರೆದಂತೆ ಉರುಕುಂದಪ್ಪನಿಗೆ ಕರೆ ಬರುತ್ತಿತ್ತು.

ಇವತ್ತು ಪಾದ್ರಿ ಅಯ್ಯನವರೂ ಅಲ್ಲೇ ಇದ್ದರು. ಪ್ರಾರ್ಥನೆಯ ಗುಡಿಸಲಿಗೆ ಜಾಗ ಕೇಳಲು ರಾಯಚೂರಿನಿಂದ ಬಂದಿದ್ದರು. ಗೌಡ ಹೂಂ ಅನ್ನುವವರೆಗೆ ಅವರ ಕಣ್ಣಿಗೆ ಬೇರೇನೂ ಕಾಣುವಂತಿರಲಿಲ್ಲ.

"ಅಯ್ಯಾ, ನೀವರ ಒಂದ್ ಮಾತ್ ಹೇಳ್ರಿ," ಎಂದಳು ಗೋಪಮ್ಮ.

"ತಾಳ್ಕೋಬೇಕವ್ವಾ. ತಗ್ಗಿ ನಡದವ್ರನ್ನ ದೇವ್ರು ಕೈ ಬಿಡಂಗಿಲ್ಲ."

ಬೀಗರು ಎಲೆಯಡಿಕೆ ಉಗುಳಿ ಅವಳತ್ತ ತಿರುಗಿದರು. "ಇಕೀನೂ ಅದ ಮಂದೀನೇನ್ರಿ?"

"ನೋಡೇ ಬಿಡೂಣಲ್ರಿ," ಎಂದ ಗೌಡ. "ಬಾ ಬೇ ಇಲ್ಲಿ."

ಮಂಡಿಯೂರಿದ್ದ ಉರುಕುಂದಪ್ಪ ಕೈ ಜೋಡಿಸಿದ. "ಬ್ಯಾಡ್ರಿ ಯಪ್ಪಾ. ಆಕೀದೂ ನನಗ ಹೊಡೀರಿ." ಪಾದ್ರಿಯ ಮುಖ ನೋಡಿದ. ಪಾದ್ರಿ ನೆಲ ನೋಡಿದರು.

ಕೆರ ಗೋಪಮ್ಮನ ಎಡಗಲ್ಲಕ್ಕೆ ಬಿತ್ತು. ಕಿವಿ ಗುಂಯ್ ಎಂದಿತು, ಬಾಯಲ್ಲಿ ರಕ್ತ ಉಪ್ಪುಪ್ಪಾಯಿತು.

"ಹೂಂ, ಇನ್ನೊಂದ್ ತೋರ್ಸು!"

ಗೋಪಮ್ಮ ರಕ್ತ ಉಗಿದಳು. ಗಲ್ಲ ತೋರಿಸಲಿಲ್ಲ. ನೆಟ್ಟಗೆ ನಡೆದು ಪಾದ್ರಿಯ ಮುಂಗೈ ಹಿಡಿದು ದರದರನೆ ಎಳೆದು ತಂದು ಗೌಡನ ಮುಂದೆ ನಿಲ್ಲಿಸಿದಳು.

"ನಂದು ಒಂದ್ ಆತ್ರಿ ಗೌಡ್ರ. ಇನ್ನೊಂದ್ ಗಲ್ಲ ಇವ್ರದು. ನಮಗ ಇದನ್ನ ಕಲಿಸಿದವ್ರೇ ಇವ್ರು. ಹೊಡೀರಿ!"

ಬೀಗರ ನಗು ನಿಂತಿತು. ಎತ್ತಿದ ಕೆರ ಗೌಡನ ಕೈಯಲ್ಲೇ ಉಳಿಯಿತು. ಪಾದ್ರಿಯ ಇನ್ನೊಂದು ಕೈ ತಾನಾಗಿಯೇ ಮೇಲೆದ್ದು ಗಲ್ಲವನ್ನು ಮುಚ್ಚಿಕೊಂಡಿತು.

ಉರುಕುಂದಪ್ಪ ಅದನ್ನು ನೋಡಿದ. ನೋಡುತ್ತಲೇ ಮೇಲೆದ್ದ. ಮಂಡಿಗೆ ಮೆತ್ತಿದ್ದ ಮಣ್ಣನ್ನೂ ಕೊಡವದೆ ಗೌಡನ ಹತ್ತಿರ ಹೋಗಿ, ಅವನ ಕೈಯಿಂದ ಆ ಕೆರವನ್ನು ಕಿತ್ತುಕೊಂಡ.