ಭಾವನ ಪಾದದ ಮೇಲಿನ ಕೆಂಪು ಚುಕ್ಕಿ

ಲಕ್ವಾ ಹೊಡೆದ ಮೇಲೆ ನಮ್ಮ ಅತ್ತೆ ಕೃಷ್ಣಾಬಾಯಿಯವರ ಮಾತು ನಿಂತುಹೋಯಿತು. ಕೈ ಎತ್ತಲಾರರು, ತಲೆ ಅಲ್ಲಾಡಿಸಲಾರರು. ಕಣ್ಣು ಮಾತ್ರ ಅತ್ತಿತ್ತ ಹೊರಳುತ್ತಿತ್ತು. ಅವರಿಗೆ ನಮ್ಮ ಗುರುತು ಉಳಿದಿದೆಯೋ ಇಲ್ಲವೋ ಯಾವ ಡಾಕ್ಟರೂ ಹೇಳಲಿಲ್ಲ. ನನ್ನ ಗಂಡ ವಾಸುದೇವ ತಾಯಿಯ ಜೊತೆ ಮಾತಾಡುವುದನ್ನೇ ಬಿಟ್ಟಿದ್ದರು. "ಗ್ವಾಡಿ ಮುಂದ ಕೂತು ಎಷ್ಟಂತ ಮಾತಾಡ್ಲಿ?" ಎಂದಿದ್ದರು. ನನಗೆ ಮೈಯೆಲ್ಲ ಉರಿದಿತ್ತು.

ಅದಕ್ಕೇ ೨೦೧೧ರ ಪ್ರತ್ಯೇಕ ರಾಜ್ಯ ಹೋರಾಟದ ಬಂದ್‌ಗಳ ನಡುವೆ ಒಂದು ಖಾಲಿ ದಿನ ನೋಡಿ, ಮಲ್ಕಾಜ್‌ಗಿರಿಯ ನಮ್ಮ ಮನೆಯಿಂದ ಅವರನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲೊಂದು ಯಂತ್ರವಿತ್ತು. ಪರದೆಯ ಮೇಲೆ ಚಿತ್ರ ತೋರಿಸಿದರೆ, ನೋಡುವವರ ಕಣ್ಣು ಎಲ್ಲಿ ನಿಂತಿತೋ ಅಲ್ಲಿ ಕೆಂಪು ಚುಕ್ಕಿ ಇಡುತ್ತಿತ್ತು. ಪರೀಕ್ಷೆ ಮಾಡುವ ಪ್ರೇಮಾ ರಾಯಚೂರಿನವಳು. ನಾವು ಕೊಟ್ಟ ಮನೆಯವರ ಫೋಟೋಗಳನ್ನು ಅಪರಿಚಿತರ ಫೋಟೋಗಳ ಜೊತೆ ಬೆರೆಸಿ ತೋರಿಸಿದಳು.

ಮುಗಿದ ಮೇಲೆ ಅವಳ ಮುಖ ಸಪ್ಪಗಾಯಿತು. ಹೆತ್ತ ಮಗನ ಮುಖದ ಮೇಲೂ ಯಾರೋ ದಾರಿಹೋಕನ ಮುಖದ ಮೇಲೂ ಚುಕ್ಕಿಗಳು ಒಂದೇ ಸಮ.

"ಫರಕ್ ಏನೂ ಕಾಣವಲ್ದರಿ ಅಕ್ಕಾರ. ಒಂದು ಫೋಟೋದಾಗ ಮಾತ್ರ ಚುಕ್ಕಿ ಎಲ್ಲಾ ಕೆಳಗ ಬಿದ್ದಾವ. ಮಶೀನ್ ತಪ್ಪಿರಬೇಕು. ಅದನ್ನ ತಗದು ಬಿಡ್ತೀನಿ."

"ತಡೀರಿ, ತಡೀರಿ. ತೋರಸ್ರಿ ಅದನ್ನ," ಎಂದೆ.

ರುಮಾಲು ಸುತ್ತಿಕೊಂಡು ನಿಂತ ದತ್ತಾತ್ರೇಯ ಮಾವನ ಫೋಟೋ ಅದು. ನಮ್ಮ ಮಾವನವರ ಅಣ್ಣ. ತೀರಿಹೋಗಿ ಎಷ್ಟೋ ವರ್ಷವಾಗಿದೆ. ಅವರ ಮುಖದ ಮೇಲೆ ಒಂದೂ ಚುಕ್ಕಿಯಿಲ್ಲ. ಎಲ್ಲವೂ ಪಾದದ ಮೇಲೆ.

"ಮಶೀನ್ ತಪ್ಪಿಲ್ಲರಿ! ಇವರು ನಮ್ಮ ಅತ್ತಿಯವರಿಗೆ ಭಾವ ಆಗಬೇಕು. ಒಂದ ಮನ್ಯಾಗ ಬಾಳೇವು ಮಾಡಿದ್ರೂ ಅವರ ಮಾರಿ ಎತ್ತಿ ನೋಡಿದವರಲ್ಲ. ಕಾಲು ಕಂಡ್ರ ಸಾಕು, ಬಾಗಲ ಮರೀಗೆ ಸರಿಯೋರು."

ಪ್ರೇಮಾ ಅಷ್ಟಕ್ಕೇ ನಂಬಲಿಲ್ಲ. ರುಮಾಲಿನ ಬೇರೆ ಮುದುಕರನ್ನು ಒಬ್ಬೊಬ್ಬರಾಗಿ ತೋರಿಸಿದಳು. ಅತ್ತೆ ಅವರ ಮುಖಗಳನ್ನು ಧಾರಾಳವಾಗಿ ನೋಡಿದರು. ನಡುವೆ ಭಾವನ ಇನ್ನೊಂದು ಫೋಟೋ ಬಂತು. ಕಣ್ಣು ಥಟ್ಟನೆ ಪಾದಕ್ಕಿಳಿಯಿತು.

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಎದೆಯ ಭಾರವೆಲ್ಲ ಇಳಿದುಹೋಯಿತು. ಸತ್ತ ಭಾವನಿಗೆ ಈಗಲೂ ಮರ್ಯಾದೆ ಕೊಡುವವರು ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನು ಮರೆತಾರೆಯೇ? "ಎಷ್ಟು ಅಂಜಿಸಿದ್ರಿ ಅತ್ತಿ ನಮ್ಮನ್ನ!" ಎಂದು ಅವರನ್ನೇ ಗದರಿದೆ.

ವಾಸುದೇವ ಕುರ್ಚಿ ಎಳೆದುಕೊಂಡು ತಾಯಿಯ ಎದುರು ಕೂತರು.

"ಅವ್ವಾ, ಫ್ಯಾಕ್ಟರಿಯೊಳಗ ನನಗ ಪ್ರಮೋಷನ್ ಆಗೇದ."

ಪುಣ್ಯಾತ್ಮರು ನನಗೂ ಹೇಳಿರಲಿಲ್ಲ. ಮೊದಲು ತಾಯಿಗೇ ಹೇಳಬೇಕೆಂದು ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದರಂತೆ.