ಬಂದೂಕಿಗೆ ಕಟ್ಟಿದ ಚಿಂದಿ

ಯಾವಗಲ್‌ನ ಮಗಳ ಮನೆಗೆ ಹೋಗಿದ್ದ ಗೋಣೆಪ್ಪ ಜಕ್ಕಲಿಗೆ ತಿರುಗಿ ಬಂದಾಗ ಹೊತ್ತು ಮಾರುದ್ದ ಏರಿತ್ತು. ಕಾಲು ತೊಳೆದು ಒಳಗೆ ಬಂದವನ ಕಣ್ಣು ನೇರ ಪಡಸಾಲೆಯ ಗೋಡೆಗೆ ಹೋಯಿತು. ಬಂದೂಕು ತೂಗುಬಿಡುವ ಗೂಟ ಬರಿದಾಗಿತ್ತು. ಮುದುಕ ಏನೂ ಕೇಳುವ ಮೊದಲೇ ಸೊಸೆ ರೇಣವ್ವ ನಗುನಗುತ್ತ ಎಲ್ಲ ಹೇಳಿಬಿಟ್ಟಳು. ಎರಡು ದಿನದಿಂದ ಆ ಸುದ್ದಿ ಅವಳ ಬಾಯೊಳಗೆ ಕುಳಿತಿತ್ತು, ಹೇಳಿಕೊಳ್ಳಲು ಮನೆಯಲ್ಲಿ ಜನವಿರಲಿಲ್ಲ.

ಗಜೇಂದ್ರಗಡದ ಕೋಟೆಯ ಮೇಲೆ ಸಿನೆಮಾದವರು ಬಂದು ಇಳಿದಿದ್ದರು. ಕುಂಪಣಿ ಸರಕಾರ ಊರೂರಿಗೆ ಬಂದು ಬಂದೂಕು ಕಿತ್ತುಕೊಂಡಾಗ ಕೊಡುವುದಿಲ್ಲವೆಂದು ತಿರುಗಿ ಬಿದ್ದ ಜನರ ಕಥೆಯಂತೆ ಅದು. ಅದರ ಡೈರೆಕ್ಟರ್ ಸಾಹೇಬರದು ಒಂದೇ ಹಟ: ಪಡದೆಯ ಮೇಲೆ ಕಾಣುವ ಬಂದೂಕು ಖರೇ ಬಂದೂಕೇ ಆಗಿರಬೇಕು. ಈ ಸೀಮೆಯ ಜನ ಬೆಳೆ ಮೇಯುವ ಚಿಗರಿ ಹಿಂಡು ಬೆದರಿಸಲು ದಿನಾ ಬಂದೂಕು ಹಿಡಿಯುವವರು, ಬಣ್ಣ ಹಚ್ಚಿದ ಕಟ್ಟಿಗೆ ತೋರಿಸಿದರೆ ಸಿನೆಮಾ ಟೆಂಟಿನೊಳಗೇ ಕೂತು ನಗುತ್ತಾರೆ ಎಂದು ಅವರ ಲೆಕ್ಕ. ಅದಕ್ಕಾಗಿ ಗಜೇಂದ್ರಗಡದ ಕುತುಬುದ್ದೀನನನ್ನು, ಹಿಂದಕ್ಕೆ ಪಲ್ಟಣದಲ್ಲಿದ್ದು ಬಂದವನನ್ನು, ಜೊತೆಗಿಟ್ಟುಕೊಂಡು ಫೌಜದಾರರ ಪರವಾನಗಿ ಪಡೆದು ಹಳ್ಳಿಹಳ್ಳಿಯಿಂದ ಹಳೆಯ ಬಂದೂಕು ಕೂಡಿಸಿದ್ದರು. ನಳಿಗೆಯ ಬಾಯಿಂದ ಮದ್ದು ಸುರಿದು, ಸಲಾಕೆಯಿಂದ ಜಡಿದು, ಹಿಂದೆ ಕಿಡಿ ಹುಟ್ಟಿಸುವ ಕೇಪು ಕೂಡಿಸಿ ಹಾರಿಸುವಂಥವು. ಗೋಣೆಪ್ಪನ ಬಂದೂಕು ನೋಡಿ ಕುತುಬುದ್ದೀನ ಬಹಳ ಹೊತ್ತು ಕೈಯಾಡಿಸಿದನಂತೆ. ಬಂದೂಕಿನ ಸಂಗಡ ಅದನ್ನು ಹಿಡಿಯಲು ರೇಣವ್ವನ ಗಂಡ ಹನುಮಪ್ಪನೂ ಹೋದ.

ಇನ್ನೂ ಒಂದು ಚೋದ್ಯವಿತ್ತು. ರೇಣವ್ವನ ತವರು ಗಜೇಂದ್ರಗಡವೇ. ಅವಳ ತಮ್ಮ ಶಿವನಪ್ಪ ಎತ್ತರದ ಆಳು, ಮೈಬಣ್ಣವೂ ತುಸು ತಿಳಿ. ಅವನಿಗೆ ಕೆಂಪು ಅಂಗಿ ತೊಡಿಸಿ ಕುಂಪಣಿಯ ಸಿಪಾಯಿ ಮಾಡಿದ್ದರು. ಅಕ್ಕನ ಗಂಡ ಅವನಿಗೆ ಮಾವ; ಈ ಮಾವ ಅಳಿಯರೆಂದರೆ ಮೊದಲೇ ಒಬ್ಬರ ಕಾಲು ಒಬ್ಬರು ಎಳೆಯುವವರು. ಹನುಮಪ್ಪ ಸಾಹೇಬರ ಮುಂದೆ ಕೈಜೋಡಿಸಿ, ಲಗ್ನವಾದಾಗಿನಿಂದ ಈ ಹುಡುಗ ತನ್ನನ್ನು ಆಡಿಕೊಂಡು ನಗುತ್ತಾನೆ, ಕಾಳಗದಲ್ಲಿ ಒಂದು ಸರತಿ ಇವನಿಗೆ ಗುಂಡು ಹೊಡೆಯಲು ಬಿಡಬೇಕು ಎಂದು ಕೇಳಿಕೊಂಡಿದ್ದ. ಸಾಹೇಬರು ನಕ್ಕು ಒಪ್ಪಿದ್ದರು.

ಗೋಣೆಪ್ಪನಿಗೂ ಹಿಗ್ಗಾಯಿತು. ಕಟ್ಟೆಗೆ ಕುಳಿತು ತಂಬಾಕು ತಿಕ್ಕಿದ. ತಿಕ್ಕುತ್ತ ಹಾಗೇ ಕೇಳಿದ:

"ಒಳಗಿನ ಬಾರು ಹನುಮಪ್ಪ ಎಲ್ಲಿ ಹಾರಿಸಿದ? ಹೊಲದಾಗೋ ಹಿತ್ತಲದಾಗೋ?"

"ಯಾವ ಬಾರ್ರಿ ಮಾವಾರ?"

"ನಾ ತುಂಬಿಟ್ಟಿದ್ನಲ್ಲವ್ವ, ಊರಿಗೆ ಹೋಗೂ ಮುಂದ. ಕುದುರಿಗೆ ಚಿಂದಿ ಕಟ್ಟಿರಲಿಲ್ಲ?"

ರೇಣವ್ವನ ನಗು ಮುಖದ ಮೇಲೆ ಇದ್ದಲ್ಲೇ ನಿಂತಿತು.

ಚಿಂದಿ ಇತ್ತು. ಕೇಪನ್ನು ಬಡಿಯುವ ಆ ಸಣ್ಣ ಕಬ್ಬಿಣದ ಕುದುರೆಗೆ ಜಿಡ್ಡುಗಟ್ಟಿದ ಒಂದು ಕೆಂಪು ಚಿಂದಿ ಸುತ್ತಿತ್ತು. ಬಂದೂಕು ಕೇಳಲು ಬರುತ್ತಾರೆಂಬ ಸುದ್ದಿ ಮುಟ್ಟಿದೊಡನೆ, ಸಿನೆಮಾದೊಳಗೆ ಮನೆಯ ಒಡವೆ ಕಾಣುವುದೆಂದು ರೇಣವ್ವ ಬಂದೂಕನ್ನು ಬೂದಿಯಿಂದ ತಿಕ್ಕಿ, ಎಣ್ಣೆ ಒರೆಸಿ, ಫಳಫಳ ಮಾಡಿದ್ದಳು. ಆ ಹೊಲಸು ಚಿಂದಿಯನ್ನು ಕುಡಗೋಲಿನಿಂದ ಕೊಯ್ದು ಒಲೆಗೆ ಹಾಕಿದ್ದಳು. ತವರಿನಲ್ಲಿ ಬಂದೂಕು ಇರಲಿಲ್ಲ. ತುಂಬಿದ ಬಂದೂಕಿಗೆ ಚಿಂದಿ ಕಟ್ಟುವುದು, ಹಾರಿಸಿದ ಮೇಲೆ ಬಿಚ್ಚುವುದು ಈ ಸೀಮೆಯ ಗಂಡಸರಿಗೆಲ್ಲ ಗೊತ್ತಿದ್ದ ಮಾತು. ಹೆಂಗಸರಿಗೆ ಯಾರೂ ಹೇಳಿರಲಿಲ್ಲ. ಅಂದು ಹನುಮಪ್ಪ ಕಡಲೆಯ ಹೊಲದಿಂದ ಬಂದು ಗೂಟದ ಬಂದೂಕು ತೆಗೆದುಕೊಂಡಾಗ ಚಿಂದಿ ಇರಲಿಲ್ಲ. ಕುತುಬುದ್ದೀನ ನೋಡಿದಾಗಲೂ ಇರಲಿಲ್ಲ. ಚಿಂದಿ ಇಲ್ಲವೆಂದರೆ ಬಾರು ಇಲ್ಲ. ಅದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು.

ಅವಳು ಬಾಯಿಬಿಟ್ಟು ಹೇಳಿದ್ದು ಎರಡೇ ಮಾತು. ಗೋಣೆಪ್ಪ ಕೈಯಲ್ಲಿದ್ದ ತಂಬಾಕು ಹಾಗೇ ನೆಲಕ್ಕೆ ಬಿಟ್ಟು ಎದ್ದ. ಜೋಡು ಮೆಟ್ಟಿಕೊಳ್ಳುತ್ತ, ಇವತ್ತು ಅಲ್ಲಿ ಏನು ನಡೆಯುತ್ತದೆ ಎಂದು ಕೇಳಿದ. ಇವತ್ತೇ ಕಾಳಗ ಎಂದಳು ರೇಣವ್ವ. ಒಲೆಯ ಮೇಲಿನ ಅನ್ನದ ಗಡಿಗೆಯನ್ನು ಇಳಿಸಿದಳೋ ಬಿಟ್ಟಳೋ ಅವಳಿಗೆ ಆಮೇಲೆ ನೆನಪಾಗಲಿಲ್ಲ.

ಗಜೇಂದ್ರಗಡದ ಮೋಟಾರು ಬರುವುದು ತಡವಾಯಿತು. ಬಂದ ಮೇಲೆ ಹೊರಡುವುದು ತಡವಾಯಿತು. ಡ್ರೈವರ್ ಚಹಾ ಕುಡಿದ, ಯಾರದೋ ಹತ್ತಿಯ ಗಂಟನ್ನು ಟಪ್ಪಿನ ಮೇಲೆ ಏರಿಸಿದರು, ಅದು ಉರುಳಿತು, ಮತ್ತೆ ಏರಿಸಿದರು. ರೇಣವ್ವ ಸೀಟಿನ ತುದಿಗೆ ಕುಳಿತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು. ಗಾಡಿ ಸಾಗಿದಾಗ ಒಂದು ಗಳಿಗೆ ಉಸಿರು ಬಂದಂತಾಯಿತು. ನರೇಗಲ್ಲಿನಲ್ಲಿ ಇಂಜಿನ್ನು ಕಾದು ಹೊಗೆ ಉಗುಳಿತು. ಕ್ಲೀನರ್ ಕೊಡ ಹಿಡಿದು ನೀರಿಗೆ ಹೋದ. ಇಳಿದು ನಡೆದುಬಿಡೋಣವೆಂದು ಅವಳ ಕಾಲು ತುಡಿದವು. ನಡೆದರೆ ಸಂಜೆಯಾಗುತ್ತದೆ ಎಂದು ತಿಳಿದೂ ತುಡಿದವು.

ಆಗಲೇ ಗೋಣೆಪ್ಪ ಸಣ್ಣ ದನಿಯಲ್ಲಿ ಇನ್ನೊಂದು ಮಾತು ಹೇಳಿದ. ಸಿನೆಮಾದವರು ಹೊಗೆ ಬರಲೆಂದು ಬರೀ ಮದ್ದು ಹಾಕಿಯೇ ಹಾಕುತ್ತಾರೆ. ಒಳಗಿರುವ ಬಾರಿನ ಮೇಲೆ ಮತ್ತೆ ಮದ್ದು ಬಿದ್ದು ಜಡಿದರೆ ಆ ಹಳೆಯ ನಳಿಗೆ ತಡೆಯುವುದೋ ಇಲ್ಲವೋ. ತಡೆದರೆ ಒಳಗಿನ ಸೀಸದ ಚರೆಯೆಲ್ಲ ಮುಂದೆ ನಿಂತವನ ಎದೆಗೆ. ಸೀಳಿದರೆ ಹಿಡಿದವನ ಮುಖಕ್ಕೆ.

ಅಲ್ಲಿಯವರೆಗೆ ರೇಣವ್ವ ತಮ್ಮನೊಬ್ಬನಿಗಾಗಿ ಹೆದರಿದ್ದಳು. ಈಗ ಹೆದರಿಕೆ ಎರಡು ಕಡೆ ಎಳೆಯತೊಡಗಿತು. ದೇವರಿಗೆ ಏನೆಂದು ಬೇಡಿಕೊಳ್ಳಬೇಕೆಂದೇ ಅವಳಿಗೆ ತಿಳಿಯಲಿಲ್ಲ. ನಳಿಗೆ ತಡೆಯಲಿ ಎನ್ನಬೇಕೋ, ಸೀಳಲಿ ಎನ್ನಬೇಕೋ.

ಪಕ್ಕದಲ್ಲಿ ಮಕ್ತುಮಬಿ ಎಂಬಾಕೆ ಬುತ್ತಿ ಕಟ್ಟಿಕೊಂಡು ಶೂಟಿಂಗ್ ನೋಡಲು ಹೊರಟಿದ್ದಳು. ಅವಳ ಗಂಡನೂ ಅಲ್ಲಿ ದಂಡಿನೊಳಗಿದ್ದಾನಂತೆ. ನಿನ್ನೆ ಬರೀ ತಾಲೀಮಿನಲ್ಲೇ ಮೂರು ಸಲ ಸಾಯಿಸಿದರು, ಮೈತುಂಬ ಧೂಳು ತುಂಬಿಕೊಂಡು ಬಂದ, ಸತ್ತ ಹೆಣದ ಅರಿವೆ ಒಗೆಯುವುದು ಮಾತ್ರ ನನ್ನ ಪಾಲು ಎಂದು ಆಕೆ ಹೇಳಿದಾಗ ಮೋಟಾರಿನೊಳಗಿನವರೆಲ್ಲ ನಕ್ಕರು. ರೇಣವ್ವನೂ ತುಟಿ ಅಗಲಿಸಿದಳು, ಮುಖ ಒಲ್ಲೆನೆಂದಿತು. ಮಾವನ ಕಡೆ ಬಾಗಿ, ಇವರಿಗೆಲ್ಲ ಹೇಳಿಬಿಡೋಣವೇನು ಎಂದು ಪಿಸುಗುಟ್ಟಿದಳು.

"ಹೇಳಿದ್ರ ಮೋಟಾರು ಲಗೂ ಹೋಗತೈತೇನವ್ವ? ಸುಮ್ನ ಕುಂದ್ರು," ಎಂದ ಗೋಣೆಪ್ಪ.  ರುಮಾಲು ಬಿಚ್ಚಿ ಮೊಣಕಾಲ ಮೇಲೆ ಇಟ್ಟುಕೊಂಡ.

ಗಡದ ಬುಡ ಮುಟ್ಟಿದಾಗ ಬಿಸಿಲು ನೆತ್ತಿ ದಾಟಿತ್ತು. ಮೆಟ್ಟಿಲ ಮೊದಲ ತಿರುವಿನಲ್ಲೇ ಗೋಣೆಪ್ಪನಿಗೆ ಏದುಸಿರು ಬಂದು ಬಂಡೆ ಹಿಡಿದು ನಿಂತ. ನೀನು ಓಡು ಎಂದು ಕೈ ಮಾಡಿದ. "ಸಲಾಕಿ ಇಳಿಸಿ ನೋಡಂತ ಹೇಳು ಕುತುಬುದ್ದೀನಗ. ಅಷ್ಟ ಹೇಳು. ಬ್ಯಾರೆ ಮಾತು ಬ್ಯಾಡ."

ಅವಳು ಅರ್ಧ ಏರಿರಬೇಕು, ಮೇಲಿನಿಂದ ಬಂದೂಕಿನ ಸದ್ದು ಬಂತು. ಒಂದಲ್ಲ, ಸಾಲುಸಾಲು. ಕೋಟೆಯ ಗೋಡೆಗೆ ಬಡಿದು ಎದುರಿನ ಗುಡ್ಡದಿಂದ ಅದೇ ಸದ್ದು ತಿರುಗಿ ಬಂತು. ಬಂಡೆಯ ಸಂದಿಯ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. ರೇಣವ್ವ ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ಆಗಿಹೋಯಿತು ಅಂದುಕೊಂಡಳು. ಏನಾಯಿತು, ಯಾರಿಗಾಯಿತು, ಅದು ತಿಳಿಯದೆ ಕುಳಿತಿರಲೂ ಆಗಲಿಲ್ಲ. ಕೈ ಊರಿಕೊಂಡು ಎದ್ದು ಮತ್ತೆ ಏರಿದಳು. ಕೊಡ ಹೊತ್ತು ಇಳಿದು ಬರುತ್ತಿದ್ದ ಒಬ್ಬ ಆಳನ್ನು ತಡೆದು ಮೇಲೆ ಏನಾಯಿತೆಂದು ಕೇಳಿದಳು.

"ನಮ್ಮ ಕಡೆಯವರು ಅರ್ಧ ಮಂದಿ ಸತ್ತಾರವ್ವ. ಈಗ ಕುಂಪಣಿಯವರ ಸರತಿ. ಲಗೂ ಹೋಗು, ಚಲೋ ಇರತೈತಿ," ಎಂದು ನಕ್ಕು ಅವನು ಇಳಿದು ಹೋದ.

ಅಂದರೆ ಹಾರಿದ್ದು ಕುಂಪಣಿಯವರ ಬಂದೂಕು. ಹನುಮಪ್ಪನದು ಇನ್ನು ಮೇಲೆ. ಅವಳು ಸೆರಗನ್ನು ನಡುವಿಗೆ ಬಿಗಿದು ಓಡಿದಳು.

ಮೇಲೆ ಬಯಲಿನಲ್ಲಿ ಹಗ್ಗ ಕಟ್ಟಿ ಜನರನ್ನು ತಡೆದಿದ್ದರು. ಹಗ್ಗದ ಆಚೆ ಮೂರು ಕಾಲಿನ ಮೇಲೆ ಕ್ಯಾಮರಾ. ಅದರ ಹಿಂದೆ ಹ್ಯಾಟು ಹಾಕಿದ ಸಾಹೇಬರು. ಮುರಿದ ಗೋಡೆಯ ಪಕ್ಕ ಮುಂಡಾಸು ಸುತ್ತಿದವರ ಸಾಲು. ಅದರಲ್ಲಿ ಹನುಮಪ್ಪ ಯಾವನೆಂದು ಅವಳಿಗೆ ಮೊದಲು ಗೊತ್ತಾಗಲಿಲ್ಲ, ಮೀಸೆಗೆ ಮಸಿ ಬಳಿದಿದ್ದರು. ಬಂದೂಕಿನಿಂದ ಗುರುತು ಹಿಡಿದಳು. ತಾನೇ ತಿಕ್ಕಿದ್ದು, ಬಿಸಿಲಿಗೆ ಅದೊಂದೇ ಹೊಳೆಯುತ್ತಿತ್ತು. ಎದುರಿಗೆ, ಹತ್ತಿರದಲ್ಲೇ, ಕೆಂಪು ಅಂಗಿಯ ಶಿವನಪ್ಪ ಎದೆಯುಬ್ಬಿಸಿ ನಿಂತು ಹನುಮಪ್ಪನಿಗೆ ಹುಬ್ಬು ಹಾರಿಸುತ್ತಿದ್ದ. ಕುತುಬುದ್ದೀನ ಸಾಲಿನ ಕೊನೆಯ ಬಂದೂಕಿಗೆ ಕೇಪು ಕೂಡಿಸಿ ಆಚೆ ಸರಿಯುತ್ತಿದ್ದ.

ಅವಳು ಹಗ್ಗದ ಕೆಳಗೆ ನುಗ್ಗಿದಳು. ಯಾರೋ ರಟ್ಟೆ ಹಿಡಿದು, ಸಾಹೇಬರು ಸಿಟ್ಟಾಗುತ್ತಾರೆ ಎಂದರು. ಕೊಸರಿಕೊಂಡಳು. ಕುತುಬುದ್ದೀನ ದೂರವಿದ್ದ. ಏರಿ ಬಂದ ಏದುಸಿರಿನಲ್ಲಿ ಕೂಗು ಹೊರಡಲಿಲ್ಲ. ಮುಂಡಾಸಿನವರು ಬಂದೂಕು ಎತ್ತಿ ಹೆಗಲಿಗೆ ಕೊಟ್ಟರು. ಅವಳು ಕುತುಬುದ್ದೀನನ ಕಡೆ ಹೋಗುವುದನ್ನು ಬಿಟ್ಟು ನೆಟ್ಟಗೆ ನಡೆದು ಹೋಗಿ ತಮ್ಮನ ಮುಂದೆ ನಿಂತಳು. ಗಂಡನ ಬಂದೂಕಿನ ಬಾಯಿ ಅವಳಿಗೆ ಕರಿ ಚುಕ್ಕೆಯಂತೆ ಕಾಣಿಸಿತು.

ಹನುಮಪ್ಪ ಗಕ್ಕನೆ ನಳಿಗೆಯನ್ನು ಮೇಲಕ್ಕೆತ್ತಿದ. ಹ್ಯಾಟಿನ ಸಾಹೇಬರು ಕೈ ಬೀಸುತ್ತ ಓಡಿ ಬಂದರು. ಯಾರ ಮನೆಯ ಹೆಂಗಸು, ಯಾರು ಒಳಗೆ ಬಿಟ್ಟರು ಎಂದು ಅವರು ಹಾರಾಡುತ್ತಿದ್ದಾಗಲೇ ಅವಳಿಗೆ ದನಿ ಬಂತು.

"ಸಲಾಕಿ ಇಳಿಸಿ ನೋಡ್ರಿ. ಒಳಗ ಬಾರು ಐತಿ. ಚಿಂದಿ ನಾ ಬಿಚ್ಚಿ ಸುಟ್ಟೀನಿ."

ಕುತುಬುದ್ದೀನ ಬಂದು ಮೊದಲು ಕೇಪು ಕಿತ್ತ. ಆಮೇಲೆ ಸಲಾಕೆಯನ್ನು ನಳಿಗೆಗೆ ಇಳಿಬಿಟ್ಟ. ಪಕ್ಕದವನ ಬಂದೂಕಿಗೂ ಇಳಿಬಿಟ್ಟು ಎರಡನ್ನೂ ಸರಿಗಟ್ಟಿ ಹಿಡಿದ. ಪಕ್ಕದ್ದರಲ್ಲಿ ಹೊರಗೆ ಉಳಿದದ್ದು ಬೆರಳಷ್ಟು. ಹನುಮಪ್ಪನದರಲ್ಲಿ ಒಂದು ಗೇಣಿಗೂ ಮಿಕ್ಕಿತ್ತು, ಒಳಗೆ ಅಷ್ಟು ತುಂಬಿತ್ತು. ಕುತುಬುದ್ದೀನ ಕುಕ್ಕರುಗಾಲಿನಲ್ಲಿ ಕುಳಿತು ತಲೆಯ ಮೇಲಿನ ಟೊಪ್ಪಿಗೆ ತೆಗೆದ. ಒಂದು ವಸ್ತ್ರ ಹಾಸಿ, ಸಲಾಕೆಯ ತುದಿಯ ತಿರುಪಿನಿಂದ ಒಳಗಿನದನ್ನು ಒಂದೊಂದಾಗಿ ಎಳೆದ. ಮೊದಲು ಕಾಗದ, ಅವನೇ ಹಾಕಿದ ಮದ್ದು. ಅದರ ಕೆಳಗೆ ಗೋಣೆಪ್ಪ ಜಡಿದ ನಾರಿನ ಬಿರಡೆ. ಅದರ ಕೆಳಗಿನಿಂದ ಸೀಸದ ಚರೆ ಜೋಳದ ಕಾಳಿನಂತೆ ಉದುರಿತು.

ಶಿವನಪ್ಪ ಒಂದು ಚರೆ ಎತ್ತಿ ಅಂಗೈಯಲ್ಲಿಟ್ಟು ಹೊರಳಿಸಿದ.  ಅದನ್ನು ತಿರುಗಿ ವಸ್ತ್ರದ ಮೇಲಿಟ್ಟು ಅಕ್ಕನ ಪಕ್ಕ ಕುಳಿತುಬಿಟ್ಟ.

ಹನುಮಪ್ಪನ ಮೀಸೆಯ ಮಸಿ ಬೆವರಿಗೆ ಗದ್ದಕ್ಕೆ ಇಳಿದಿತ್ತು. "ನನ್ನ ಒಂದು ಮಾತು ಕೇಳಬಾರದಿತ್ತೇನ, ಬಿಚ್ಚೂ ಮುಂದ?" ಎಂದ.

"ನೀವು ಒಂದು ಮಾತು ಹೇಳಬಾರದಿತ್ತೇನ್ರಿ, ಇಷ್ಟು ವರ್ಷದಾಗ?" ಎಂದಳು ರೇಣವ್ವ.

ಅವನು ಗದ್ದದ ಮಸಿ ಒರೆಸಿಕೊಂಡ. ಸುತ್ತ ನಿಂತಿದ್ದ ಗಂಡಸರು ನೆಲ ನೋಡಿದರು.

ಸಾಹೇಬರು ನೀರು ತರಿಸಿ ಕುಡಿದರು. ಎಲ್ಲ ಬಂದೂಕಿಗೂ ಸಲಾಕೆ ಇಳಿಸಿ ನೋಡಲು ಹೇಳಿದರು. ನೋಡಿದ್ದಾಯಿತು, ಬೇರೆ ಯಾವುದರಲ್ಲೂ ಏನೂ ಇರಲಿಲ್ಲ. ಆದರೂ ಮುಂಡಾಸಿನವರಲ್ಲಿ ಒಬ್ಬನೂ ಬಂದೂಕು ಮುಟ್ಟಲೊಲ್ಲ. ಎದುರಿನ ಕೆಂಪು ಅಂಗಿಯವರಂತೂ ಬಯಲಿಗೇ ಬರಲೊಲ್ಲರು. ಬಿಸಿಲು ಇಳಿಯುತ್ತಿತ್ತು. ಸಾಹೇಬರು ಅತ್ತಿಂದಿತ್ತ ತಿರುಗಾಡಿದರು, ಬಿಸಿಲು ನೋಡಿದರು, ಬಂದೂಕಿನ ರಾಶಿ ನೋಡಿದರು. ಕಡೆಗೆ ಕ್ಯಾಮರಾವನ್ನು ಹೊತ್ತು ಬಯಲಿನ ಆಚೆ ತುದಿಗೆ ಒಯ್ಯಲು ಹೇಳಿದರು. ಎಲ್ಲರೂ ಒಂದೊಂದು ಬಡಿಗೆ ಹಿಡಿಯಲಿ, ಅಷ್ಟು ದೂರದಿಂದ ಯಾರಿಗೆ ಗೊತ್ತಾಗುತ್ತದೆ ಎಂದರು. ಹೇಳುವಾಗ ಅವರ ಮುಖ ಮಾತ್ರ ಸಣ್ಣದಾಗಿತ್ತು.

ರೇಣವ್ವನನ್ನು ಹಗ್ಗದ ಈಚೆ ಕೂಡಿಸಿದರು. ಯಾರೋ ಒಂದು ತಂಬಿಗೆ ನೀರು ಕೊಟ್ಟರು. ಬಡಿಗೆ ಎಂದು ಕಣ್ಣಾರೆ ಕಂಡಿದ್ದಳು, ಆದರೂ ಹನುಮಪ್ಪ ಅದನ್ನು ಹೆಗಲಿಗೆ ಕೊಟ್ಟಾಗ ನೀರು ಕುಡಿಯದೆ ತಂಬಿಗೆ ಕೆಳಗಿಟ್ಟಳು. ಸನ್ನೆ ಆಯಿತು. ಬಂದೂಕಿನ ಸದ್ದಿಗೆಂದು ಬಂಡೆಯ ಹಿಂದೆ ಒಬ್ಬ ಹಲಗೆ ಬಡಿದ. ಶಿವನಪ್ಪ ಎರಡೂ ಕೈ ಎತ್ತಿ, ಅರ್ಧ ಸುತ್ತು ತಿರುಗಿ, ದೊಪ್ಪೆಂದು ಬಿದ್ದ. ಬಿದ್ದವನು ಮಿಸುಕಲಿಲ್ಲ. ಸುತ್ತ ಕಾಳಗ ನಡೆಯುತ್ತಲೇ ಇತ್ತು. ಎದ್ದೇಳು ಎಂದು ಸಾಹೇಬರು ಇನ್ನೂ ಹೇಳಿರಲಿಲ್ಲ. ರೇಣವ್ವ ಕೂತಲ್ಲಿ ಕೂರಲಾಗದೆ ಎದ್ದು ನಿಂತಳು.

ಅಷ್ಟರಲ್ಲಿ ಹನುಮಪ್ಪ ಬಡಿಗೆ ಒಗೆದು ಓಡಿದ. ಮುಂಡಾಸು ಬಿಚ್ಚಿ ಹಿಂದೆ ಹರಿದಾಡುತ್ತಿತ್ತು. ಬಿದ್ದವನ ಪಕ್ಕ ಮಂಡಿಯೂರಿ ಕೆಂಪು ಅಂಗಿಯ ಗುಂಡಿ ಬಿಚ್ಚಿ ಎದೆಯ ಮೇಲೆ ಕೈ ಇಟ್ಟ. ದೂರದಿಂದ ಸಾಹೇಬರು ತಲೆಯ ಹ್ಯಾಟು ಕಿತ್ತು ನೆಲಕ್ಕೆ ಹೊಡೆದದ್ದು ಎಲ್ಲರಿಗೂ ಕಾಣಿಸಿತು.

ಶಿವನಪ್ಪ ಒಂದು ಕಣ್ಣು ತೆರೆದ.

"ಮಾವಾ, ಸತ್ತೀನಿ ನಾ. ಆ ಕಡೆ ಹೋಗು."

ಹನುಮಪ್ಪ ಹೋಗಲಿಲ್ಲ. ಎದೆಯ ಮೇಲಿನ ಕೈಯನ್ನೂ ತೆಗೆಯಲಿಲ್ಲ.