ಕೋಳಿ ಕರೆಯುವ ಹೆಸರು

ಬ್ಲಾಂಶ್ ಮುದುಕಿಯ ಹೆಣ ಹಜಾರದಲ್ಲಿತ್ತು. ದಕ್ಷಿಣ ಸಮುದ್ರದ ಫ್ರೆಂಚ್ ದ್ವೀಪ ನ್ಯೂ ಕ್ಯಾಲೆಡೋನಿಯಾದಲ್ಲಿ ಫೆಬ್ರವರಿ ಎಂದರೆ ಕಡು ಸೆಕೆ, ಸಂಜೆಯೊಳಗೆ ಮಣ್ಣು ಮಾಡಲೇಬೇಕು. ಗಂಡನ ಪಕ್ಕದಲ್ಲೇ ಮಲಗಿಸು ಎಂದು ಮುದುಕಿ ಮಗಳು ಸೊಲಾಂಜಳಿಂದ ಮಾತು ತೆಗೆದುಕೊಂಡೇ ಕಣ್ಣು ಮುಚ್ಚಿದ್ದಳು. ಗಂಡನ ಗೋರಿಯೋ ಹೊಳೆಯಾಚೆ, ಕುರ್ತೊ ಮನೆತನದ ಹಳೇ ಸ್ಮಶಾನದಲ್ಲಿ. ಆ ನೆಲವನ್ನು ಸರ್ಕಾರ ಹೋದ ವರ್ಷ ಅದರ ಮೂಲದವರಾದ ಕನಾಕ್ ಕುಲಕ್ಕೆ ವಾಪಸು ಕೊಟ್ಟಿತ್ತು. ಈಗ ಕುಲದವರು ದಾರಿಗೆ ಅಡ್ಡವಾಗಿ ದೊಡ್ಡ ಮರದ ದಿಮ್ಮಿ ಹಾಕಿದ್ದರು.

ಪಟ್ಟಣದಲ್ಲೇ ಹೂಳೋಣ ಅಂದ ತಮ್ಮ ರೆಜಿಸ್. "ಮುತ್ತಾತನ ಕಾಲದಿಂದ ನಮ್ಮ ದನ ಮೇಯ್ದ ಜಾಗ. ಅವರ ಮುಂದೆ ಹೋಗಿ ಹಲ್ಲು ಗಿಂಜ್ಬೇಕಾ?"

ಸೊಲಾಂಜ್ ಕಾಣಿಕೆಗೆಂದು ಬಟ್ಟೆ, ಹೊಗೆಸೊಪ್ಪು ಎತ್ತಿಕೊಂಡು ಹೊರಟಳು. ಗೊಣಗುತ್ತಲೇ ಅವನೂ ಜೀಪು ಹತ್ತಿದ.

ಕುಲದ ಹಿರಿಯ ಇನ್ಯಾಸ್ ನಾಲ್ಕಾರು ಗಂಡಸರೊಂದಿಗೆ ಚಾಪೆಯ ಮೇಲೆ ಕೂತಿದ್ದ. ಅಲ್ಲಿ ಏನಾದರೂ ಕೇಳುವ ಮುನ್ನ ತಂದದ್ದನ್ನು ಮುಂದಿಟ್ಟು, ತಾನು ಯಾರ ಪೈಕಿ ಎಂದು ಬುಡದಿಂದ ಹೇಳಬೇಕು. ಬುಡ ಕೆದಕುವುದರಲ್ಲಿ ಸೊಲಾಂಜಳನ್ನು ಮೀರಿಸುವವರಿಲ್ಲ. ವರ್ಷಗಟ್ಟಲೆ ಅದೇ ಹುಚ್ಚು ಅವಳಿಗೆ. ಆದರೆ ಕೆದಕಿ ಕಂಡದ್ದೆಲ್ಲ ಹೇಳುವಂಥದ್ದಾಗಿರಲಿಲ್ಲ. ಮನೆತನದ ಮೂಲಪುರುಷನ ಹೆಂಡತಿ ಓರ್ತಾನ್ಸಳ ಗೋರಿಕಲ್ಲಿನ ಪಾಚಿ ಉಜ್ಜುವಾಗ ಅವಳ ಕಣ್ಣಿಗೆ ಒಂದು ಇಸವಿ ಬಿದ್ದಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ತಮ್ಮನಿಗಂತೂ ಇಲ್ಲವೇ ಇಲ್ಲ. ಅಪ್ಪಟ ಫ್ರೆಂಚ್ ರಕ್ತ ಅಂತ ಊರೆಲ್ಲ ಎದೆಯುಬ್ಬಿಸಿ ತಿರುಗುವ ಪುಣ್ಯಾತ್ಮ ಅವನು.

ಹಡಗಿನಲ್ಲಿ ಬಂದಿಳಿದ ಆನ್ಸೆಲ್ಮ್ ಕುರ್ತೊ, ಅವನ ಹೆಂಡತಿ ಓರ್ತಾನ್ಸ್, ಅವರ ಮಗಳು ಲಿಯೊಂತೀನ್, ಅವಳ ಮಗಳು ಇರ್ಮಾ, ಇರ್ಮಾಳ ಮಗಳು ತೀರಿಕೊಂಡ ಬ್ಲಾಂಶ್ ಎಂದು ಸೊಲಾಂಜ್ ಒಪ್ಪಿಸಿದಳು.

ಇನ್ಯಾಸ್ ಹೊಗೆಸೊಪ್ಪು ಮುಟ್ಟಲಿಲ್ಲ. "ಒಬ್ಬರನ್ನ ದಾಟ್ಕೊಂಡು ಬಂದ್ಯಲ್ಲಮ್ಮ," ಅಂದ.

ಸೊಲಾಂಜ್ ಹೊಗೆಸೊಪ್ಪನ್ನು ಇನ್ನಷ್ಟು ಮುಂದೆ ಸರಿಸಿದಳು.

"ಯಾರನ್ನೂ ದಾಟಿಲ್ಲ," ರೆಜಿಸ್ ಮುಂದೆ ಬಂದ. "ದಾರಿ ಬಿಡ್ತೀರೋ ಇಲ್ವೋ, ಅಷ್ಟು ಹೇಳಿ."

ಗಂಡಸರು ಎದ್ದು ನಿಂತರು. ಸೊಲಾಂಜ್ ತಮ್ಮನ ಅಂಗಿ ಹಿಡಿದೆಳೆದಳು. ಇನ್ಯಾಸ್ ಮಾತ್ರ ಅಲುಗಲಿಲ್ಲ. ಬಿಸಿಲಲ್ಲಿ ಬಂದವರಿಗೆ ಮೊದಲು ನೀರು ಎನ್ನುತ್ತ ಗುಡಿಸಿಲಿನ ಕಡೆ ತಿರುಗಿ ಕೂಗಿದ. "ತೇಪೊ!"

"ಹಾಂ," ಅಂದಳು ಸೊಲಾಂಜ್.

ಒಳಗಿನಿಂದಲೂ ಒಂದು "ಹಾಂ" ಬಂತು. ಇನ್ಯಾಸ್‌ನ ಮುದಿ ತಂಗಿ ನೀರಿನ ಪಾತ್ರೆ ಹಿಡಿದು ಹೊರಬಂದು ಸೊಲಾಂಜಳನ್ನೇ ನೋಡುತ್ತ ನಿಂತಳು.

ತೇಪೊ ಎಂಬುದು ಕುರ್ತೊ ಮನೆಯಲ್ಲಿ ಹಿರಿಮಗಳ ಮುದ್ದಿನ ಹೆಸರು. ಹೊರಗಿನವರೆದುರು ಯಾರೂ ಬಳಸುತ್ತಿರಲಿಲ್ಲ. ಹಿಂದೆ ಕೋಳಿಗಳನ್ನು ತೇಪೊ, ತೇಪೊ ಎಂದು ಕರೆಯುತ್ತಿದ್ದರಂತೆ, ಮಗು ಲಿಯೊಂತೀನಳೂ ಅವುಗಳ ಜೊತೆ ಓಡಿಬರುತ್ತಿದ್ದಳಂತೆ, ಹಾಗಾಗಿ ಆ ಹೆಸರು ಅಂಟಿತಂತೆ. ಮನೆಯವರು ಹೇಳಿ ಹೇಳಿ ನಗುತ್ತಿದ್ದ ಕತೆ ಅದು.

"ನಮ್ಮ ಕುಲದ ಹಿರಿಮಗಳ ಹೆಸರದು," ಅಂದ ಇನ್ಯಾಸ್. "ನಿನ್ನನ್ನ ಹಾಗೆ ಕರೀತಿದ್ದೋರು ಯಾರಮ್ಮ?"

"ಅಮ್ಮ."

"ಅವಳನ್ನ?"

"ಅಜ್ಜಿ."

"ಅಕ್ಕ, ಸಾಕು, ನಡಿ," ರೆಜಿಸ್ ಅವಳ ತೋಳು ಹಿಡಿದೆಳೆದ. "ಅದು ಕೋಳಿ ಕರೆಯೋ ಹೆಸರು."

ಈಗ ಹೊರಟುಹೋದರೆ ಅಮ್ಮ ಪಟ್ಟಣದಲ್ಲಿ ಗುರುತು ಪರಿಚಯವಿಲ್ಲದವರ ನಡುವೆ ಮಲಗಬೇಕು. ಬಾಯಿಬಿಟ್ಟರೆ ತಮ್ಮ ಇನ್ನೊಮ್ಮೆ ಮುಖ ನೋಡುತ್ತಾನೋ ಇಲ್ಲವೋ. ಸೊಲಾಂಜಳಿಗೆ ಭಯವಾಯಿತು. ಅದಕ್ಕಿಂತ ಹೆಚ್ಚಾಗಿ, ಒಂದು ಹೆಂಗಸನ್ನು ಇಷ್ಟು ದಿನ ಮುಚ್ಚಿಟ್ಟೆನಲ್ಲ ಎಂದು ನಾಚಿಕೆಯಾಯಿತು.

"ಓರ್ತಾನ್ಸ್ ಸತ್ತು ಎರಡು ವರ್ಷ ಆದ್ಮೇಲೆ ಲಿಯೊಂತೀನ್ ಹುಟ್ಟಿದ್ದು," ಅಂದಳು. "ಕಲ್ಲಿನ ಮೇಲಿದೆ, ಪಾಚಿ ತೆಗೆದು ನಾನೇ ನೋಡಿದೀನಿ. ಅವಳನ್ನ ಹೆತ್ತೋಳು ತೇಪೊ. ನಿಮ್ಮನೆ ಮಗಳು."

ಇನ್ಯಾಸ್ ನಿಧಾನವಾಗಿ ಹೊಗೆಸೊಪ್ಪಿನ ಮೇಲೆ ಕೈಯಿಟ್ಟ. "ಹಾಗಿದ್ಮೇಲೆ ದಾರಿ ಕೇಳೋದೇನಿದೆ? ಸತ್ತಿರೋಳು ನಮ್ಮವಳು. ಅವಳನ್ನ ಹೊರೋದು ತವರಿನವರ ಕೆಲಸ. ನಾವು ಬರ್ತೀವಿ."

ಸೊಲಾಂಜ್ ಅಲ್ಲೇ ಕುಸಿದು ಕೂತು ಅತ್ತಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ.

ಗಂಡಸರು ದಿಮ್ಮಿಯತ್ತ ನಡೆದರು. ರೆಜಿಸ್ ಜೀಪಿನ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ. ಅಕ್ಕ ಹತ್ತಿರ ಬಂದಾಗ ಮುಖ ಎತ್ತದೆ ಕೇಳಿದ.

"ಅಕ್ಕ, ನಮ್ಮನೇಲಿ ಯಾವತ್ತಾದ್ರೂ ಕೋಳಿ ಸಾಕಿದ್ರಾ?"

ಅವಳು ನೆನಪು ಮಾಡಿಕೊಂಡಳು. ದನಗಳಿದ್ದವು, ಕುದುರೆಗಳಿದ್ದವು, ನಾಯಿಗಳಿದ್ದವು.

"ಇಲ್ಲ ಕಣೋ."

ರೆಜಿಸ್ ಎದ್ದ. ಅಂಗಿಯ ತೋಳು ಮಡಚಿಕೊಂಡು ಹೋಗಿ ದಿಮ್ಮಿಯ ಒಂದು ತುದಿಗೆ ಹೆಗಲು ಕೊಟ್ಟ.